ಇಬ್ಬನಿಯ ನಿಜ ಹೆಸರು

ಗದಗಿನಲ್ಲಿ ಬಟ್ಟೆ ಹೊಲಿಯುವ ಕಸ್ತೂರೆವ್ವ, ತೊನ್ನು ಇರುವ ಹೆಂಗಸರ ಆನ್‌ಲೈನ್ ಗುಂಪಿನ ಕಾವಲುಗಾರ್ತಿ. ಅಲ್ಲಿ ಎಲ್ಲರಿಗೂ ಇಟ್ಟುಕೊಂಡ ಹೆಸರು. ನಿಜ ಹೆಸರನ್ನು ಜೀವಮಾನದಲ್ಲಿ ಒಬ್ಬರಿಗೆ ಮಾತ್ರ ಹೇಳಬಹುದು. ಕೇಳಿಸಿಕೊಂಡವರನ್ನು ಗುಂಪಿನಿಂದ ತೆಗೆದರೆ ಆ ಹೆಸರೂ ಅದರೊಡನೆ ತಿಳಿದದ್ದೆಲ್ಲವೂ ಅವರ ನೆನಪಿನಿಂದಲೂ ಅಳಿಸಿಹೋಗುತ್ತವೆ.

ಆರು ವರ್ಷ ದಿನವೂ ತನ್ನೊಡನೆ ಹರಟಿದ ಇಬ್ಬನಿ, ಮೂರು ತಿಂಗಳ ಹಿಂದೆ ಸೇರಿದ ಕೋಗಿಲೆಗೆ ಹೆಸರು ಹೇಳಿದ್ದಾಳೆಂದು ತಿಳಿದ ದಿನ ಕಸ್ತೂರೆವ್ವ ರವಿಕೆಯ ತೋಳನ್ನೇ ತಿರುವುಮುರುವಾಗಿ ಹೊಲಿದಳು. ಕೋಗಿಲೆಯಲ್ಲಿ ಇದ್ದು ನನ್ನಲ್ಲಿ ಇಲ್ಲದ್ದು ಏನು ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಮಧ್ಯಾಹ್ನ ಕೋಗಿಲೆಯ ಸಂದೇಶ ಬಂತು: “ಅಕ್ಕಾ, ಇಬ್ಬನಿ ಖರೇ ಹೆಸರು ಬೇಕೇನ್ರಿ? ಊರು, ಗಂಡನ ಹೆಸರು ಎಲ್ಲಾ ಹೇಳ್ತೇನಿ.”

“ಬೇಕು” ಎಂದು ಬರೆದೇಬಿಟ್ಟಿದ್ದಳು ಕಸ್ತೂರೆವ್ವ. ಕಳಿಸುವ ಮೊದಲು ಬೆರಳು ತಡೆಯಿತು. ಅದನ್ನು ಅಳಿಸಿ, ಕೋಗಿಲೆಯನ್ನು ಗುಂಪಿನಿಂದ ತೆಗೆದಳು.

ಸಂಜೆ ಇಬ್ಬನಿ ಬರೆದಳು: “ನನಗ ಒಬ್ಬಾಕಿ ಗೆಳತಿ ಸಿಕ್ಕಿದ್ಲು. ಹೊಟ್ಟಿಕಿಚ್ಚಿಗೆ ಆಕಿನ್ನ ತಗದ್ರಿ, ಹೌದಿಲ್ಲೋ?”

ನಡೆದದ್ದು ಹೇಳಿದರೆ ಇಬ್ಬನಿ ಇನ್ನು ಯಾರನ್ನೂ ನಂಬಲಾರಳು.

“ಹೌದವ್ವಾ,” ಎಂದು ಬರೆದಳು ಕಸ್ತೂರೆವ್ವ. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.