ಹೆಬ್ಬೆಟ್ಟು

ಹೆಂಡತಿ ಮತ್ತೆ ಹೆಬ್ಬೆಟ್ಟು ಎತ್ತಿದಳು. ಕಡಲಿನ ತಳದಲ್ಲಿ ಆ ಸನ್ನೆಗೆ ಒಂದೇ ಅರ್ಥ: ‘ಮೇಲೆ ಹೋಗೋಣ, ಈಗಲೇ.’ ಅದನ್ನು ಅವಳಿಗೆ ಕಲಿಸಿದ್ದೇ ಅವನು. ಆದರೆ ಉಗುರಿನಷ್ಟೇ ಇದ್ದ ಕಡಲಕುದುರೆ ಆಗತಾನೇ ಅವನ ಕ್ಯಾಮೆರಾದತ್ತ ಮುಖ ತಿರುಗಿಸಿತ್ತು. ‘ತಾಳು’ ಎಂದು ಅಂಗೈ ತೋರಿಸಿ, ಅವಳಿಗೆ ಬೆನ್ನು ಹಾಕಿದ.

ಡೈವಿಂಗ್ ಗೈಡ್ ಅವಳನ್ನು ನೀರಿನಿಂದ ಎಳೆತಂದು ದೋಣಿಯಲ್ಲಿ ಮಲಗಿಸಿದಾಗ ಮೂಗಿನಿಂದ ರಕ್ತ ಇಳಿಯುತ್ತಿತ್ತು. “ಅಕ್ಕ ಸನ್ನೆ ಮಾಡ್ಲಿಲ್ವಾ ಸಾರ್?” ಎಂದು ಗೈಡ್ ಕೇಳಿದ.

“ಮಾಡಿದ್ಲಪ್ಪ. ಭೇಷ್ ಅಂತಿದಾಳೆ ಅಂದ್ಕೊಂಡೆ. ಸನ್ನೆ ಓದೋದ್ರಲ್ಲಿ ನಾನು ಹೆಬ್ಬೆಟ್ಟು ಗಿರಾಕಿ!” ಎಂದು ಅವನೊಬ್ಬನೇ ನಕ್ಕ. ಆಮೇಲೆ ಕ್ಯಾಮೆರಾದ ಪರದೆಯನ್ನು ಅವಳ ಮುಖದೆದುರು ಹಿಡಿದ. “ನೋಡೇ, ಎಷ್ಟು ಚೆನ್ನಾಗಿ ಬಂದಿದೆ!”

ಅವಳು ಮೂಗು ಒರೆಸಿಕೊಂಡು, ರಕ್ತ ಮೆತ್ತಿದ ಹೆಬ್ಬೆಟ್ಟನ್ನು ಕಡಲಕುದುರೆಯ ಮೇಲೆ ಒತ್ತಿದಳು.

“ಥೂ, ಗಲೀಜು!” ಎಂದವನೇ ಅವಳ ತಲೆಯಡಿಯ ಟವೆಲ್ ಎಳೆದುಕೊಂಡು ಪರದೆ ಒರೆಸಿದ.