ಹಾಲಮ್ಮನ ಚೀಟಿ ತಂತಿ

ಕೆಲಸದ ನಡುವೆ ಓದಬೇಡಿ... ಕೆಲಸ ಬದಿಗಿಟ್ಟು ಓದಿ.

ದಾವಣಗೆರೆಯ ಒಂದು ಪುಟ್ಟ ಆಫೀಸು. ನಾಲ್ಕೇ ಜನ, ನಾಲ್ಕೇ ಕಂಪ್ಯೂಟರ್.

ಅಲ್ಲಿನ ವಾರಿಜಾ ಒಂದು ರಕ್ತನಿಧಿಗೆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದಳು. ಕೌಂಟರ್‌ನಲ್ಲಿ ಕೋರಿಕೆ ಟೈಪ್ ಮಾಡಿದರೆ ಸಾಕು, ಅದು ಸರದಿಯಲ್ಲಿ ನಿಂತು, ದಾನಿಗೆ ಮೆಸೇಜ್ ಹೋಗುತ್ತಿತ್ತು.

ಆ ದಿನ ಮಧ್ಯಾಹ್ನ ಹನ್ನೆರಡೂವರೆಗೆ ರಕ್ತನಿಧಿಯಲ್ಲಿದ್ದ ಸರ್ವರ್ ತಾನಾಗಿಯೇ ಆಫ್ ಆಗಿ ಆನ್ ಆಯಿತು. ಅಷ್ಟೇ...

ಆಫೀಸಿನ ಪರದೆಯ ಮೇಲೆ ಹಸಿರು ಅಕ್ಷರ. "ಬಾಕಿ ಕೆಲಸ: 0".

"ಭೇಷ್, ಎಲ್ಲ ಮುಗೀತು! ಊಟಕ್ಕೆ ಹೋಗೋಣ್ವಾ?" ಎಂದ ಪಕ್ಕದ ಗೆಳೆಯ.

ವಾರಿಜಾ ಪರದೆಯನ್ನು ಮತ್ತೆ ನೋಡಿದಳು. ಹತ್ತು ನಿಮಿಷದ ಹಿಂದೆ ಅಲ್ಲಿ ಮೂವತ್ತೊಂದು ಕೋರಿಕೆಗಳಿದ್ದವು!

ಅವು ಮುಗಿದಿರಲಿಲ್ಲ... ಅಳಿಸಿಹೋಗಿದ್ದವು.

ಸರದಿಯನ್ನು ಅವಳು ಎಲ್ಲೂ ಬರೆದಿಟ್ಟಿರಲಿಲ್ಲ, ಕಂಪ್ಯೂಟರಿನ ನೆನಪಿಗೇ ಬಿಟ್ಟಿದ್ದಳು. ಆಫ್ ಆದರೆ ಆ ನೆನಪೂ ಹೋಗುತ್ತದೆಂದು ಗೊತ್ತಿತ್ತು. 'ನಮ್ಮದು ಚಿಕ್ಕ ಟೀಮ್, ಆಮೇಲೆ ನೋಡೋಣ' ಎಂದು ಮುಂದಕ್ಕೆ ಹಾಕಿದ್ದಳು.

ನಾಲ್ಕು ಗಂಟೆಯೊಳಗೆ ದಾನಿ ಬರಲೇಬೇಕಿದ್ದ ಒಂದು ಮಗುವಿನ ಕೋರಿಕೆಯೂ ಅದರಲ್ಲಿತ್ತು. ಹೆಸರು ನೆನಪಿಲ್ಲ... ರಕ್ತದ ಗುಂಪೂ ನೆನಪಿಲ್ಲ...

ಆಟೋ ಹತ್ತಿ ರಕ್ತನಿಧಿಗೆ ಹೊರಟಳು. ದಾರಿಯಲ್ಲಿ ಇನ್ನೊಂದು ಭಯ ಹಿಡಿಯಿತು.

ಅಲ್ಲಿ ಮೂವತ್ತು ವರ್ಷದಿಂದ ಕೌಂಟರ್ ನೋಡಿಕೊಳ್ಳುತ್ತಿದ್ದ ಹಾಲಮ್ಮ, ಪ್ರತಿ ಕೋರಿಕೆಯನ್ನೂ ಚೀಟಿಯಲ್ಲಿ ಬರೆದು ಗೋಡೆಯ ತಂತಿಗೆ ಚುಚ್ಚುತ್ತಿದ್ದಳು. "ಇನ್ನು ಈ ಹಳೇ ತಂತಿ ಯಾಕೆ? ತೆಗೆದುಹಾಕಿ" ಎಂದು ಹೋದ ತಿಂಗಳು ನಕ್ಕಿದ್ದವಳು ವಾರಿಜಾಳೇ!

ಹೋಗಿ ನೋಡಿದರೆ... ಗೋಡೆಯಲ್ಲಿ ಬರೀ ಮೊಳೆ.

ಅವಳು ಕೌಂಟರಿಗೆ ಓಡಿದಳು. "ಹಾಲಮ್ಮಾ... ಎಲ್ಲ ಅಳಿಸಿಹೋಯ್ತು... ತಂತಿ ಎಲ್ಲಿ?"

ಹಾಲಮ್ಮ ತಪ್ಪು ಮಾಡಿದವಳಂತೆ ಮೇಜಿನ ಖಾನೆ ಎಳೆದಳು. "ನೀನು ಬೈತೀಯಂತ ಒಳಗೆ ಮುಚ್ಚಿಟ್ಟಿದೀನಿ ಕಣವ್ವಾ. ಬಿಡೋಕಾಗ್ಲಿಲ್ಲ..."

ತಂತಿಯಲ್ಲಿ ಎಣಿಸಿದರೆ ನಲವತ್ತು ಚೀಟಿ!

"ಇದರಲ್ಲಿ ಒಂಬತ್ತಕ್ಕೆ ಬೆಳಗ್ಗೆನೇ ಮೆಸೇಜ್ ಹೋಗಿದೆಯಲ್ಲಾ, ಇನ್ನೂ ಯಾಕೆ ಇಟ್ಟಿದೀರಿ?"

"ಹೇಳಿ ಕಳಿಸಿದ್ರೆ ಆಯ್ತಾ? ದಾನಿ ಬಂದು ಮಂಚದ ಮೇಲೆ ಮಲಗೋವರೆಗೂ ನಾ ಚೀಟಿ ಹರಿಯೋದಿಲ್ಲ."

ಮುದುಕಿ ತಂತಿಯ ಚೀಟಿಗಳನ್ನು ಸರಿಮಾಡಿದಳು. ಆಮೇಲೆ ಮೆಲ್ಲಗೆ ಹೇಳಿದಳು...

"ಒಂದ್ಸಲ ಹರಿದಿದ್ದೆ. ದಾನಿಗೆ ಫೋನ್ ಮಾಡಿದೀನಲ್ಲ ಅಂತ. ಅವನು ಬರ್ಲಿಲ್ಲ, ಮಗು ಉಳೀಲಿಲ್ಲ. ಆ ತಾಯಿ ನನ್ನ ಬೈಲಿಲ್ಲವ್ವಾ... ಬೈದಿದ್ರೆ ಇಷ್ಟೊತ್ತಿಗೆ ಮರೀತಿದ್ನೇನೋ."

ವಾರಿಜಾಳ ಕಣ್ಣು ತುಂಬಿ ಬಂತು. ಆದರೆ ಅಳಲು ಹೊತ್ತಿರಲಿಲ್ಲ. ಇಬ್ಬರೂ ಒಂದೊಂದು ಫೋನ್ ಹಿಡಿದು ಕೂತರು.

ಮಗುವಿನ ದಾನಿ ಮೂರೂಮುಕ್ಕಾಲಿಗೆ ಏದುಸಿರು ಬಿಡುತ್ತ ಬಂದ. ಹಾಲಮ್ಮ ಆಗ ಆ ಚೀಟಿ ಹರಿದಳು.

ಮುಂದಿನ ವಾರ ವಾರಿಜಾ ಹೊಸ ಸರದಿ ಬರೆದಳು. ದೊಡ್ಡದೇನಲ್ಲ. ಬಂದ ಕೆಲಸವನ್ನು ಮೊದಲು, ಆಫ್ ಆದರೂ ಅಳಿಸದ ಡಿಸ್ಕ್‌ನಲ್ಲಿ ಬರೆದಿಡು, ಆಮೇಲೆ ಮಾಡು, ದಾನಿ ಬಂದಮೇಲೆಯೇ ಅಳಿಸು. ಟೀಮಿನವರು ಅದಕ್ಕೆ 'ತಂತಿ' ಎಂದೇ ಹೆಸರಿಟ್ಟರು.

ಪರೀಕ್ಷೆಗೆ ಹಾಲಮ್ಮನ ಕೈಯಲ್ಲೇ ಸರ್ವರಿನ ಪ್ಲಗ್ ಕೀಳಿಸಿದಳು.

"ಬೇಡವ್ವಾ, ಮತ್ತೆ ಎಲ್ಲ ಹೋದ್ರೆ?" ಎನ್ನುತ್ತಲೇ ಮುದುಕಿ ಎಳೆದಳು.

ಪರದೆ ಕತ್ತಲಾಯಿತು. ಮತ್ತೆ ಬೆಳಗಿತು... "ಬಾಕಿ ಕೆಲಸ: 17".

ಹಾಲಮ್ಮ ತನ್ನ ಚೀಟಿಗಳನ್ನು ಒಂದೊಂದಾಗಿ ಎಣಿಸಿದಳು. ಹದಿನೇಳು.

ಸೆರಗಿನಿಂದ ಕಣ್ಣೊರೆಸಿಕೊಂಡು, "ಈಗ ತಂತಿ ಬಿಸಾಕ್ತೀನಿ ತಗೋ" ಎಂದಳು.

ವಾರಿಜಾ ಅದನ್ನು ಅವಳ ಕೈಯಿಂದ ತೆಗೆದುಕೊಂಡು... ಗೋಡೆಯ ಮೊಳೆಗೇ ಮತ್ತೆ ನೇತುಹಾಕಿದಳು.

*

ಕೆಲಸ ಮುಗಿಯುವ ತನಕ ಚೀಟಿ ಹರಿಯಬೇಡಿ.

'ಹೇಳಿದ್ದೇನಲ್ಲ' ಎಂದು ನೀವು ಹರಿದೆಸೆದ ಚೀಟಿಯಲ್ಲಿ ಯಾರ ಹೆಸರಿತ್ತು... ನೆನಪಿದೆಯೇ?