ನಮ್ಮ ಸಭೆಯವನು

"ನಾವು ಕರೆದದ್ದು ಪಾಲಯ್ಯನನ್ನು. ನೀವ್ಯಾರು?"

ಪಾದ್ರಿ ಸಮುವೇಲಪ್ಪನವರು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಹೆಂಗಸು ಅವರು ಪಾಲಯ್ಯನಿಗೆ ಬರೆದಿದ್ದ ಕಾಗದ ಮುಂದೆ ಹಿಡಿದಳು. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಒಳಗೆ ಬಂದಳು. ಪಾದದಿಂದ ಮೊಣಕಾಲಿನವರೆಗೆ ಧೂಳು. ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಗಾಗಿದ್ದವು.

"ಅವನ ಅಕ್ಕ, ಈರಕ್ಕ. ಹರಿಯಬ್ಬೆಯಿಂದ ಬಂದೀನಿ. ಅವನು ಎದ್ದು ಬರಂಗಿಲ್ಲ. ಏನು ಕೇಳೋದಿದ್ರೂ ನನ್ನ ಕೇಳ್ರಿ."

ಪಾದ್ರಿಗಳು ಪಕ್ಕದಲ್ಲಿದ್ದ ಜಂಪಣ್ಣ ಮೇಷ್ಟ್ರ ಮುಖ ನೋಡಿದರು. ನಾನು ಆಗಲೇ ಹೇಳಲಿಲ್ಲವೇ ಎನ್ನುವ ನೋಟ ಅದು.

೧೯೭೬ರ ಬೇಸಿಗೆ. ಚಿತ್ರದುರ್ಗದ ಚರ್ಚಿಗೆ ಸೇರಿದ ವಾಚನಾಲಯ. ಕ್ರೈಸ್ತ ನಂಬಿಕೆಯನ್ನು ವಿಜ್ಞಾನದ ಕಲ್ಪನೆಯೊಂದಿಗೆ ಬೆರೆಸಿ ಬರೆದ ಕಾದಂಬರಿಗೆ ಅಲ್ಲಿ ವರ್ಷಕ್ಕೊಂದು ಶೀಲ್ಡ್ ಬಹುಮಾನವಾಗಿ ಕೊಡುತ್ತಿದ್ದರು. ಪಾದ್ರಿಗಳು ಮತ್ತು ಮೇಷ್ಟ್ರು ಅದರ ತೀರ್ಪುಗಾರರು. ಆ ವರ್ಷ ಬಂದ ಹನ್ನೊಂದು ಹಸ್ತಪ್ರತಿಗಳಲ್ಲಿ ಇಬ್ಬರೂ ಒಪ್ಪಿದ್ದು ಒಂದನ್ನೇ: 'ಎರಡು ಸೂರ್ಯರ ಕುರಿಹಟ್ಟಿ'. ಕತ್ತಲೆಯೇ ಆಗದ ಒಂದು ಗ್ರಹಕ್ಕೆ ಕುರಿಹಿಂಡಿನ ಸಮೇತ ಹೋಗಿ ನೆಲೆಸುವ ಜನ. ಅಲ್ಲಿ ಮೊದಲೇ ಇದ್ದ, ನೆರಳೇ ಇಲ್ಲದ ಜೀವಿಗಳು ಅವರನ್ನು ಕೇಳುತ್ತವೆ: ನಿಮ್ಮ ಕ್ರಿಸ್ತ ನಮಗಾಗಿಯೂ ಸತ್ತನೇ? ಅದನ್ನು ಓದಿ ಮುಗಿಸಿದ ದಿನವೇ ಪಾದ್ರಿಗಳು ಮತ್ತೆ ಮೊದಲ ಪುಟದಿಂದ ಓದತೊಡಗಿದ್ದರು.

ಆಮೇಲೆ ಲೇಖಕನ ಹೆಸರಿದ್ದ ಲಕೋಟೆ ಒಡೆದರು. ಪಾಲಯ್ಯ, ಹಿರಿಯೂರಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಬರೆದವರು ಕ್ರೈಸ್ತರೇ ಆಗಿರಬೇಕೆಂಬುದು ನಿಯಮ. ಜಿಲ್ಲೆಯ ಯಾವ ಚರ್ಚಿನ ಸಭೆಯ ದಾಖಲೆಯಲ್ಲೂ ಆ ಹೆಸರಿರಲಿಲ್ಲ. ವಿಚಾರಿಸಬೇಕು, ಬಾ ಎಂದು ಕಾಗದ ಬರೆದಿದ್ದರು.

"ಕುಂತ್ಕಳ್ರಿ ಈರಕ್ಕ, ಕಾಫಿ ತರಿಸ್ತೀನಿ" ಎಂದರು ಮೇಷ್ಟ್ರು.

"ಇವತ್ತು ಬಾಯಿಗೆ ಏನೂ ಹಾಕಂಗಿಲ್ಲ ಮೇಷ್ಟ್ರೇ." ಅವಳು ಕೂರಲೂ ಇಲ್ಲ.

"ಪಾಲಯ್ಯ ಅನ್ನೋದು ಪೌಲ ಅನ್ನೋ ಹೆಸರಿಂದ ಬಂದದ್ದೇನ್ರಿ?" ಮೇಷ್ಟ್ರ ದನಿಯಲ್ಲಿ ಆಸೆಯಿತ್ತು.

"ನಮ್ಮಜ್ಜನ ಹೆಸರು. ಅಜ್ಜ ಬೀರದೇವರ ಪೂಜಾರಿ."

ಪಾದ್ರಿಗಳು ಪೆನ್ನಿಗೆ ಮುಚ್ಚಳ ಹಾಕಿದರು. "ನಿಯಮ ನಿಯಮವೇ ಅಮ್ಮ. ಬಹುಮಾನದ ಆಸೆಗೆ ಕ್ರೈಸ್ತ ಅಂದವರಿಗೆಲ್ಲ ಕೊಡುವುದಕ್ಕಾಗುವುದಿಲ್ಲ."

"ಬಹುಮಾನ ಯಾರು ಕೇಳಿದ್ರು? ನಿಮ್ಮ ಶೀಲ್ಡು ನಿಮ್ಮ ಬೀರುವಿನಾಗೇ ಇರ್ಲಿ. ಅವನು ನಿಮ್ಮೋನು ಅಂತ ಒಂದು ಕಾಗದ ಬರಕೊಡ್ರಿ. ಈಗಲೇ."

ಪಾದ್ರಿಗಳ ಹುಬ್ಬು ಗಂಟಿಕ್ಕಿತು. ಮಿಷನ್ನಿನ ನೌಕರಿಗಾಗಿ ಇಂಥ ಕಾಗದ ಕೇಳಿಕೊಂಡು ಬಂದವರನ್ನು ಅವರು ಬಹಳ ಕಂಡಿದ್ದರು.

"ಕೆಲಸಕ್ಕೇನು?"

"ಅವನ ಕೆಲಸ ಎಲ್ಲ ಮುಗೀತು."

"ದೀಕ್ಷಾಸ್ನಾನ ಆಗಿದೆಯೇ? ಯಾರು ಕೊಟ್ಟರು?"

"ಒಂಬತ್ತು ವರ್ಷದ ಹಿಂದೆ. ಪ್ರೆಸ್ಸಿನಾಗೆ ನಿಮ್ಮ ದೇವರ ಕರಪತ್ರಕ್ಕೆ ಮೊಳೆ ಜೋಡಿಸ್ತಾ ಜೋಡಿಸ್ತಾ ಅವನ ಮನಸ್ಸು ತಿರುಗ್ತು. ಸೈಕಲ್ ಮೇಲೆ ಒಬ್ಬ ಉಪದೇಶಿ ಬಂದ. ವೇದಾವತಿ ಹೊಳ್ಯಾಗೆ ಮುಳುಗಿಸಿ ಎತ್ತಿದ. ಹೆಸರು ಬರಕಳ್ಳಲಿಲ್ಲ, ಸೈಕಲ್ ಹತ್ತಿ ಹೋದ."

"ಸಾಕ್ಷಿ?"

"ನಾನೇ. ದಡದಾಗೆ ಕುರಿಗೆ ನೀರು ಕುಡಿಸ್ತಿದ್ದೆ. ಬ್ಯಾಡ ಕಣೋ ಅಂತ ಕೂಗ್ದೆ. ಕೇಳಲಿಲ್ಲ. ಕಲ್ಲು ಬೀಸ್ದೆ, ಭುಜಕ್ಕೆ ಬಿತ್ತು." ಅವಳು ತನ್ನ ಭುಜ ಮುಟ್ಟಿ ತೋರಿಸಿದಳು. "ಆದ್ರೂ ಮುಳುಗಿ ಎದ್ದ. ನಗ್ತಿದ್ದ."

"ನೀವೂ ಕ್ರೈಸ್ತರೇ?"

"ಅಲ್ಲ. ಆಗೋದೂ ಇಲ್ಲ."

"ಮತ್ತೆ ಇಷ್ಟೊಂದು ಹಟ ಯಾಕೆ?"

ಈರಕ್ಕ ಮೇಜಿನ ಅಂಚು ಹಿಡಿದು ಮುಂದೆ ಬಾಗಿದಳು.

"ನನ್ನ ತಮ್ಮ ಅವನು, ಅದ್ಕೆ. ಆವತ್ತಿಂದ ಹಟ್ಟಿಯೋರು ಅವನಿಗೆ ಬೆಂಕಿ ಕೊಡಲಿಲ್ಲ, ನೀರು ಕೊಡಲಿಲ್ಲ. ಹೆಣ್ಣು ಕೊಡಲಿಲ್ಲ. ಅವ್ವ ಸತ್ತಾಗ ಹೆಗಲು ಕೊಡಕ್ಕೂ ಬಿಡಲಿಲ್ಲ. ಅವನು ಕಿರಿಸ್ತಾನ ಅಂತ ಇಡೀ ಹಟ್ಟಿಗೆ ಗೊತ್ತೈತೆ. ನಿಮಗೊಬ್ಬರಿಗೇ ಗೊತ್ತಾಗಲಿಲ್ಲ ನೋಡ್ರಿ!"

ಪಾದ್ರಿಗಳ ಎದುರು ಹೀಗೆ ಯಾರೂ ಮಾತಾಡಿದ್ದಿಲ್ಲ. ಅವರ ಮುಖ ಕೆಂಪಾಯಿತು. ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಮೆಲ್ಲಗೆ ಹೇಳಿದರು: "ಅಯ್ಯನವರೇ, ಎಲ್ಲೋ ಆಕಾಶದಲ್ಲಿರೋ ನೆರಳಿಲ್ಲದವರಿಗೂ ಕ್ರಿಸ್ತ ಸಲ್ಲುತ್ತಾನೆ ಅಂತ ಓದಿ ತಲೆದೂಗಿದವರು ನಾವು. ಹಿರಿಯೂರಿನವನಿಗೆ ಸಲ್ಲುವುದಿಲ್ಲ ಅಂತ ಹ್ಯಾಗೆ ಹೇಳೋದು?"

ಪಾದ್ರಿಗಳು ಹಸ್ತಪ್ರತಿಯನ್ನು ಪಕ್ಕಕ್ಕೆ ಸರಿಸಿದರು. ಚರ್ಚಿನ ಹೆಸರಿದ್ದ ಹಾಳೆಯೊಂದನ್ನು ಎಳೆದುಕೊಂಡು ಬರೆಯತೊಡಗಿದರು.

"ನಮ್ಮ ಸಭೆಯವನು ಅಂತ ಬರದೀರಾ?"

"ಬರೆದಿದ್ದೇನೆ."

"ಮೇಷ್ಟ್ರೇ, ನೀವು ಓದ್ರಿ. ನಂಗೆ ಓದು ಬರಲ್ಲ."

ಮೇಷ್ಟ್ರು ಓದಿದರು: "ಹಿರಿಯೂರಿನ ಪಾಲಯ್ಯನು ದೀಕ್ಷಾಸ್ನಾನ ಪಡೆದ ವಿಶ್ವಾಸಿ, ನಮ್ಮ ಸಭೆಯವನು." ಅವಳು ಇನ್ನೊಮ್ಮೆ ಓದಿಸಿದಳು. ರುಜು ಎಲ್ಲಿದೆ, ಮೊಹರು ಎಲ್ಲಿದೆ ಎಂದು ಬೆರಳಿಟ್ಟು ಕೇಳಿದಳು. ಮಸಿ ಒಣಗುವ ಮುಂಚೆಯೇ ಕಾಗದ ಅವಳ ಕೈಯಲ್ಲಿತ್ತು.

ಪಾದ್ರಿಗಳಿಗೆ ಎದೆ ಹಗುರಾದಂತಾಯಿತು. "ಈ ಭಾನುವಾರ ತಮ್ಮನನ್ನು ಕರೆದುಕೊಂಡು ಬನ್ನಿ ಅಮ್ಮ. ಇಡೀ ಸಭೆಯ ಮುಂದೆ ಶೀಲ್ಡ್ ಕೊಡುತ್ತೇನೆ. ಅನುಮಾನಪಟ್ಟದ್ದು ತಪ್ಪಾಯಿತು ಅಂತ ಅವನಿಗೆ ನಾನೇ ಹೇಳುತ್ತೇನೆ."

"ಭಾನುವಾರದ ತನಕ ಇಡಂಗಿಲ್ಲ ಅಯ್ನೋರೇ. ನೆನ್ನೆ ಮಧ್ಯಾಹ್ನ ತೀರಿಕೊಂಡ. ಕಿರಿಸ್ತಾನ ಅಂತ ಹಟ್ಟಿಯೋರು ಮಣ್ಣು ಮಾಡಕ್ಕೆ ಬಿಡಲಿಲ್ಲ, ಸಭೆಯೋನು ಅಂತ ಕಾಗದ ಇಲ್ದೆ ನಿಮ್ಮ ಸಮಾಧಿ ಕಾಯೋನು ಗೇಟು ತೆಗೀಲಿಲ್ಲ. ಹೊರಗೆ ಲಾರಿಯಾಗೆ ಮಲಗಿಸೀನಿ, ಏಳ್ರಿ, ಗುಣಿ ತೋಡಿಸ್ರಿ."